ನಗೆಗಾರನ ಸಂಸಾರ

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆಯನ್ನು ಮೊದಲು ಆಡಿದವಳು ಯಾರೋ ನೊಂದ ಗೃಹಿಣಿಯೇ ಆಗಿರಬೇಕು. ಹಾಸ್ಯಗಾರರ ವಿಷಯದಲ್ಲಂತೂ ಲೋಕಕ್ಕೆ ಈ ಅನುಮಾನ ತಪ್ಪಿದ್ದಲ್ಲ. ಸಭೆಯಲ್ಲಿ ಸಾವಿರ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿ ಬಂದವನು, ತನ್ನ ಮನೆಯ ಜಗಲಿಯ ಮೇಲೆ ಪಾದರಕ್ಷೆಗಳೊಡನೆ ನಗೆಯನ್ನೂ ಕಳಚಿಟ್ಟು ಒಳಗೆ ಹೋಗುತ್ತಾನೆಂದೂ, ಹೆಂಡತಿ ಮಕ್ಕಳ ಪಾಲಿಗೆ ಉಳಿಯುವುದು ಗಂಟಿಕ್ಕಿದ ಹುಬ್ಬು ಮಾತ್ರವೆಂದೂ ಜನ ಹೇಳುವುದುಂಟು. ಕೆಲವರ ವಿಷಯದಲ್ಲಿ ಇದು ನಿಜವೂ ಇದ್ದೀತು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷು ಬಲ್ಲ ಜಗತ್ತನ್ನೆಲ್ಲ ನಗಿಸಿದ ಅಮೆರಿಕದ ಮಾರ್ಕ್ ಟ್ವೇನನ ಮನೆಯೊಳಕ್ಕೆ ಇಣಿಕಿ ನೋಡಿದರೆ ಈ ಮಾತು ತಲೆಕೆಳಗಾಗುತ್ತದೆ. ಅವನ ನಗೆ ಹುಟ್ಟುತ್ತಿದ್ದುದೇ ಮನೆಯಲ್ಲಿ. ಅಲ್ಲಿ ಉಂಡು ಮಿಕ್ಕುದನ್ನು ಅವನು ಲೋಕಕ್ಕೆ ಬಡಿಸಿದನು ಎನ್ನಬೇಕು.

ಅವನ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಮಿಸ್ಸೂರಿ ಸಂಸ್ಥಾನದ ಒಂದು ಕುಗ್ರಾಮದಲ್ಲಿ ಹುಟ್ಟಿ, ಮಿಸ್ಸಿಸಿಪ್ಪಿ ನದಿಯ ದಡದ ಹ್ಯಾನಿಬಲ್ ಎಂಬ ಊರಿನಲ್ಲಿ ಬೆಳೆದನು. ಹನ್ನೊಂದನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡನು. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದನು. ನದಿಯ ಹಬೆ ಹಡಗುಗಳಿಗೆ ಚುಕ್ಕಾಣಿ ಹಿಡಿದನು. ಪಶ್ಚಿಮದ ಬೆಳ್ಳಿಯ ಗಣಿಗಳಲ್ಲಿ ಕೈ ಸುಟ್ಟುಕೊಂಡನು. ಕಡೆಗೆ ಪತ್ರಿಕೆಗಳಿಗೆ ಬರೆಯತೊಡಗಿದನು. ಹಡಗಿನವರು ನೀರಿನ ಆಳ ಅಳೆಯುವಾಗ ‘ಎರಡು ಮಾರು’ ಎಂದು ಕೂಗುತ್ತಿದ್ದ ಕೂಗನ್ನೇ 1863ರಲ್ಲಿ ತನ್ನ ಕಾವ್ಯನಾಮ ಮಾಡಿಕೊಂಡನು. ನಗೆಯ ಗುಣ ತಾಯಿಯಿಂದ ಬಂದುದೆಂದು ಕಾಣುತ್ತದೆ. ಎಳವೆಯಲ್ಲಿ ಅವನು ಬಲು ರೋಗಿಷ್ಠ ಮಗು. ದೊಡ್ಡವನಾದ ಮೇಲೆ ಒಮ್ಮೆ, ಆಗ ನಿನಗೆ ನನ್ನ ವಿಷಯದಲ್ಲಿ ಭಯವಿದ್ದಿತೇ ಎಂದು ಮುದಿ ತಾಯಿಯನ್ನು ಕೇಳಿದನಂತೆ. ಯಾವಾಗಲೂ ಇದ್ದಿತೆಂದಳು ಆಕೆ. ಬದುಕಲಾರೆನೆಂದೋ ಎಂದು ಇವನು ಕೆದಕಿದರೆ, ಮುದುಕಿ ಸ್ವಲ್ಪ ಹೊತ್ತು ಯೋಚಿಸಿ, ಅಲ್ಲ, ಬದುಕಿಬಿಡುತ್ತೀಯೆಂದು ಭಯ ಎಂದಳಂತೆ! ಇಂಥ ತಾಯಿಯ ಮಗನಿಗೆ ನಗೆಯನ್ನು ಬೇರೆ ಗುರುವಿನಿಂದ ಕಲಿಯುವ ಅಗತ್ಯವಿರಲಿಲ್ಲ.

ಅವನ ಮದುವೆಯ ವೃತ್ತಾಂತ ಯಾವ ಕಾದಂಬರಿಗೂ ಕಡಿಮೆಯದಲ್ಲ. 1867ರಲ್ಲಿ ಹಡಗಿನ ಯಾತ್ರೆಯೊಂದರಲ್ಲಿ ಜೊತೆಗಾರನಾಗಿದ್ದ ತರುಣನೊಬ್ಬನು ತನ್ನ ಅಕ್ಕನ ಪುಟ್ಟ ದಂತಚಿತ್ರವನ್ನು ತೋರಿಸಿದನು. ಆ ಚಿತ್ರದ ಹುಡುಗಿ ಆಲಿವಿಯಾ ಲ್ಯಾಂಗ್ಡನ್, ಮನೆಯವರಿಗೆ ಲಿವಿ. ಎಲ್ಮೈರಾ ಪಟ್ಟಣದ ಸಿರಿವಂತರ ಮಗಳು, ಕೋಮಲ ದೇಹ, ಕೋಮಲ ಮನಸ್ಸು. ಇವನೋ ಗಡ್ಡೆಗೆಣಸಿನಂತೆ ನೆಲದಿಂದ ಎದ್ದು ಬಂದವನು. ಹೊಗೆಸೊಪ್ಪು, ಬೈಗುಳ ಎರಡರಲ್ಲಿಯೂ ಪಳಗಿದವನು. ಲ್ಯಾಂಗ್ಡನ್ನರ ಮನೆಗೆ ಅತಿಥಿಯಾಗಿ ಹೋದವನು ಹೊರಡುವ ದಿನ ಕುದುರೆ ಗಾಡಿ ಹತ್ತಿ ಕುಳಿತನು; ಸರಿಯಾಗಿ ಬಿಗಿಯದಿದ್ದ ಆಸನ ಜಾರಿ, ಗಾಡಿ ಹೊರಟ ಕ್ಷಣವೇ ಹಿಂದಕ್ಕೆ ಉರುಳಿ ಬಿದ್ದನು. ಪೆಟ್ಟೇನೂ ಆಗಿರಲಿಲ್ಲ. ಆದರೆ ಮನೆಯವರು ಎತ್ತಿ ಒಳಗೆ ಮಲಗಿಸಿ ಉಪಚಾರ ಮಾಡತೊಡಗಿದಾಗ, ಪೆಟ್ಟಾಗಿಲ್ಲವೆಂದು ಹೇಳುವಷ್ಟು ಪ್ರಾಮಾಣಿಕತೆ ಅವನಿಗೆ ಒದಗಲಿಲ್ಲ. ಹೀಗೆ ಇನ್ನೂ ಕೆಲವು ದಿನ ಅಲ್ಲೇ ಉಳಿದನು. ಈ ಗುಟ್ಟನ್ನು ಅವನೇ ಮುಂದೆ ತನ್ನ ಆತ್ಮಕಥೆಯಲ್ಲಿ ಬಯಲು ಮಾಡಿದ್ದಾನೆ.

ಹೆಣ್ಣು ಕೊಡುವವರು ವರನ ನಡತೆಯನ್ನು ವಿಚಾರಿಸುವುದು ನಮ್ಮಲ್ಲಷ್ಟೇ ಅಲ್ಲ. ಲಿವಿಯ ತಂದೆ ಯೋಗ್ಯತಾಪತ್ರ ಕೊಡಬಲ್ಲವರ ಹೆಸರುಗಳನ್ನು ಕೇಳಿದರು. ಇವನು ಪಶ್ಚಿಮದ ಕಡೆಯ ಪಾದ್ರಿಗಳೇ ಮೊದಲಾದ ದೊಡ್ಡ ಮನುಷ್ಯರ ವಿಳಾಸಗಳನ್ನು ಕೊಟ್ಟನು. ಬಂದ ಉತ್ತರಗಳೋ ಒಂದನ್ನು ಮೀರಿಸಿದ್ದು ಇನ್ನೊಂದು. ಈತನು ಕುಡಿದೇ ಸಾಯುವನೆಂಬವರೆಗೂ ಅವರ ಸತ್ಯಸಂಧತೆ ಹರಿದಿದ್ದಿತು. ಹಿರಿಯರು ಕಾಗದಗಳನ್ನೆಲ್ಲ ಓದಿ, ನಿನಗೆ ಜಗತ್ತಿನಲ್ಲಿ ಒಬ್ಬ ಸ್ನೇಹಿತನೂ ಇಲ್ಲವೇ ಎಂದು ಕೇಳಿದರು. ಹಾಗೆಯೇ ತೋರುತ್ತದೆ ಎಂದನು ವರಮಹಾಶಯ. ಹಾಗಾದರೆ ನಾನೇ ಆಗುತ್ತೇನೆ, ಮಗಳನ್ನು ಕರೆದುಕೊಂಡು ಹೋಗು ಎಂದರಂತೆ ಅವರು. ಇಂಥ ಮಾವ ಎಲ್ಲರಿಗೂ ದೊರೆಯಬೇಕಲ್ಲ! 1870ರ ಫೆಬ್ರವರಿ 2ರಂದು ಮದುವೆಯಾಯಿತು. ಬಫಲೋ ನಗರದಲ್ಲಿ ಬಾಡಿಗೆಯ ವಸತಿಗೃಹವೊಂದನ್ನು ಗೊತ್ತುಮಾಡಿದೆಯೆಂದು ನಂಬಿಸಿ ಕರೆತಂದಿದ್ದರು. ಬಂದು ನೋಡಿದರೆ ಸಕಲ ಸಾಮಗ್ರಿಗಳಿಂದ ತುಂಬಿದ ಸ್ವಂತ ಮನೆ, ಮಾವನ ಉಡುಗೊರೆ. ಲೋಕವನ್ನೇ ಏಮಾರಿಸಬಲ್ಲ ಅಳಿಯನು ಅಂದು ತಾನೇ ಏಮಾರಿದನು.

ಆದರೆ ಆ ಸಂತೋಷ ಹೆಚ್ಚು ದಿನ ನಿಲ್ಲಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಮಾವ ತೀರಿಕೊಂಡರು. ನವೆಂಬರಿನಲ್ಲಿ ದಿನ ತುಂಬದೆ ಹುಟ್ಟಿದ ಚೊಚ್ಚಲ ಗಂಡುಮಗು ಇನ್ನೂ ಎರಡು ವರ್ಷ ತುಂಬುವ ಮೊದಲೇ, 1872ರ ಜೂನಿನಲ್ಲಿ, ಗಂಟಲಮಾರಿಗೆ ತುತ್ತಾಯಿತು. ಒಂದು ಚಳಿಯ ಬೆಳಗ್ಗೆ ಮಗುವನ್ನು ಗಾಡಿಯಲ್ಲಿ ಕರೆದೊಯ್ದವನು ಯಾವುದೋ ಯೋಚನೆಯಲ್ಲಿ ಮುಳುಗಿ, ಹೊದಿಕೆ ಜಾರಿದುದನ್ನು ನೋಡಿರಲಿಲ್ಲ. ಮಗು ಸತ್ತುದು ಅದರಿಂದಲ್ಲವೆಂದು ಬಲ್ಲವರು ಹೇಳಿದರೂ, ಮುಪ್ಪಿನವರೆಗೂ ಅವನು ಆ ಪಾಪವನ್ನು ತನ್ನ ತಲೆಯ ಮೇಲೇ ಹೊತ್ತುಕೊಂಡಿದ್ದನು.

ಉಳಿದ ಮಕ್ಕಳು ಮೂವರು ಹೆಣ್ಣುಮಕ್ಕಳು: 1872ರಲ್ಲಿ ಸೂಸಿ, 1874ರಲ್ಲಿ ಕ್ಲಾರಾ, 1880ರಲ್ಲಿ ಜೀನ್. ಹಾರ್ಟ್‌ಫರ್ಡ್ ನಗರದಲ್ಲಿ ಕಟ್ಟಿಸಿದ ದೊಡ್ಡ ಇಟ್ಟಿಗೆಯ ಮನೆಯಲ್ಲಿ 1874ರಿಂದ 1891ರವರೆಗೆ ಈ ಸಂಸಾರ ನಡೆಯಿತು. ಅವನ ಬಾಳಿನ ಹಾಲುಬೆಳದಿಂಗಳ ಕಾಲ ಅದು.

ಲಿವಿ ಅವನನ್ನು ಕರೆಯುತ್ತಿದ್ದುದು ‘ಹುಡುಗ’ ಎಂಬರ್ಥದ ಹೆಸರಿನಿಂದ. ತನಗಿಂತ ಹತ್ತು ವರ್ಷ ದೊಡ್ಡವನಾದ ಗಂಡನಿಗೆ ಆಕೆ ಇಟ್ಟ ಈ ಹೆಸರಿಗಿಂತ ನಿಜವಾದ ಹೆಸರು ಅವನಿಗೆ ಇರಲಿಲ್ಲ. ಈ ಹುಡುಗನನ್ನು ಸಂಸ್ಕರಿಸುವುದೇ ಆಕೆಯ ಜೀವನದ ವ್ರತ. ನೆರೆಮನೆಯಲ್ಲಿದ್ದವರು ಸಾಮಾನ್ಯರಲ್ಲ, ‘ಅಂಕಲ್ ಟಾಮನ ಕುಟೀರ’ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್. ಒಮ್ಮೆ ಅವರನ್ನು ನೋಡಲು ಹೋದವನು ಕಾಲರು, ಟೈ ಇಲ್ಲದೆಯೇ ಹೋಗಿ ಬಂದನಂತೆ. ಹೆಂಡತಿ ಛೀಮಾರಿ ಹಾಕಿದಳು. ಇವನು ಮರುಮಾತಾಡದೆ ಕಾಲರು ಟೈಗಳನ್ನು ಒಂದು ತಟ್ಟೆಯಲ್ಲಿಟ್ಟು, ನನ್ನ ಭೇಟಿಯಲ್ಲಿ ಉಳಿದುಹೋದ ಭಾಗ ಇದೋ ಬಂದಿದೆ ಎಂಬರ್ಥದ ಚೀಟಿಯೊಡನೆ ಆಳಿನ ಕೈಯಲ್ಲಿ ಕಳಿಸಿಕೊಟ್ಟನೆಂದು ಹೇಳುತ್ತಾರೆ. ಇನ್ನು ಊಟಕ್ಕೆ ನೆಂಟರು ಬಂದು ಹೋದ ಮೇಲೆ, ಅಂದು ಅವನು ಮೇಜಿನಲ್ಲಿ ಮಾಡಿದ ತಪ್ಪುಗಳನ್ನೆಲ್ಲ ಲಿವಿ ಒಂದೊಂದಾಗಿ ಎತ್ತಿ ಹೇಳುವಳು. ಮಕ್ಕಳು ಇದಕ್ಕೆ ‘ಅಪ್ಪನ ಧೂಳು ಕೊಡವುವುದು’ ಎಂದು ಹೆಸರಿಟ್ಟು, ಮರೆಯಲ್ಲಿ ನಿಂತು ಕೇಳಿ ಆನಂದಿಸುತ್ತಿದ್ದರು.

ಅಂಗಿಯ ಗುಂಡಿಯ ಪ್ರಸಂಗವನ್ನಂತೂ ಬಿಡಲಾಗದು. ಬೈಗುಳದಲ್ಲಿ ಅವನಿಗಿದ್ದ ಪಾಂಡಿತ್ಯವನ್ನು ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಯಿಂದ ಮುಚ್ಚಿಟ್ಟಿದ್ದನು, ಮುಚ್ಚಿಟ್ಟಿದ್ದೇನೆಂದು ಭಾವಿಸಿದ್ದನು. ಒಂದು ದಿನ ಸ್ನಾನದ ಕೋಣೆಯಲ್ಲಿ ಕ್ಷೌರ ಮುಗಿಸಿ ಅಂಗಿ ತೊಟ್ಟರೆ ಗುಂಡಿಯಿಲ್ಲ. ಕಿಟಕಿಯಿಂದ ಹೊರಕ್ಕೆಸೆದು ಎರಡನೆಯದನ್ನು ತೊಟ್ಟನು, ಅದಕ್ಕೂ ಇಲ್ಲ. ಮೂರನೆಯದರ ಹೊತ್ತಿಗೆ ಅಂಗಿಯೊಡನೆ ಅವನ ಇಡೀ ಶಬ್ದಭಂಡಾರವೂ ಕಿಟಕಿಯಿಂದ ಹೊರಬಿದ್ದಿತು. ಆಮೇಲೆ ನೋಡುತ್ತಾನೆ, ಮಲಗುವ ಕೋಣೆಯ ಬಾಗಿಲು ತೆರೆದಿದೆ! ಕಳ್ಳನಂತೆ ಒಳಗೆ ಬಂದರೆ, ಹಾಸಿಗೆಯಲ್ಲಿದ್ದ ಲಿವಿ ಅವನ ಕೊನೆಯ ಬೈಗುಳವನ್ನು ಅಕ್ಷರಶಃ ತಿರುಗಿ ಒಪ್ಪಿಸಿದಳು. ಅವನಿಗೆ ನಾಚಿಕೆ ಕಿತ್ತುಕೊಂಡು ಬರಬೇಕಾದ ಕಡೆ ನಗು ಕಿತ್ತುಕೊಂಡು ಬಂದಿತು. ಆಕೆಗೆ ಶಬ್ದಗಳು ಬಂದಿದ್ದುವೇ ಹೊರತು ರಾಗ ಬಂದಿರಲಿಲ್ಲವೆಂದು ಅವನ ಟೀಕೆ. ಇಬ್ಬರೂ ನಕ್ಕು ನಕ್ಕು ಸುಸ್ತಾದರು. ಒಂದು ಮನೆಯಲ್ಲಿ ಜಗಳವಾಗಬೇಕಾಗಿದ್ದ ಗಳಿಗೆ ಹೀಗೆ ನಗೆಗೆ ತಿರುಗುವುದು ಸಣ್ಣ ಮಾತಲ್ಲ. ಅದಕ್ಕೆ ಗಂಡನ ಹಾಸ್ಯದಷ್ಟೇ ಹೆಂಡತಿಯ ಹಾಸ್ಯವೂ ಬೇಕು. ಲಿವಿಯನ್ನು ಬರಿಯ ಗಾಂಭೀರ್ಯದ ಮೂರ್ತಿಯೆಂದು ಬರೆದ ವಿಮರ್ಶಕರು ಈ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು.

ಬೇಸಗೆಯಲ್ಲಿ ಸಂಸಾರವೆಲ್ಲ ಎಲ್ಮೈರಾದ ಬಳಿ ಗುಡ್ಡದ ಮೇಲಿದ್ದ ನಾದಿನಿಯ ತೋಟಕ್ಕೆ ಹೋಗುತ್ತಿದ್ದಿತು. ಆ ನಾದಿನಿ ಭಾವನಿಗಾಗಿ ಎಂಟು ಮೂಲೆಯ ಪುಟ್ಟ ಬರವಣಿಗೆಯ ಮನೆಯೊಂದನ್ನು ಕಟ್ಟಿಸಿಕೊಟ್ಟಿದ್ದಳು. ‘ಟಾಮ್ ಸಾಯರ್’, ‘ಹಕಲ್‌ಬರಿ ಫಿನ್’ ಪುಸ್ತಕಗಳ ಬಹುಭಾಗ ರೂಪುಗೊಂಡುದು ಅಲ್ಲಿ. ಹಗಲು ಬರೆದುದನ್ನು ಹೊರಜಗಲಿಯಲ್ಲಿ ಕುಳಿತು ಲಿವಿ ಗಟ್ಟಿಯಾಗಿ ಓದುವಳು. ಮಕ್ಕಳು ಸುತ್ತ ಕುಳಿತು ಕೇಳುವರು. ಒರಟೆಂದು ಕಂಡ ಕಡೆ ಅವಳ ಪೆನ್ಸಿಲು ಓಡುವುದು. ಮಕ್ಕಳಿಗೆ ಪ್ರಿಯವಾದ ಭಾಗಗಳೆಂದರೆ ಆ ಒರಟು ಭಾಗಗಳೇ! ಉಳಿಸಬೇಕೆಂದು ಅವರು ಗೋಗರೆಯುವರು, ತಾಯಿ ಒಪ್ಪಳು, ಅಪ್ಪ ಮಕ್ಕಳ ಪಕ್ಷ. ಈ ಮೂರು ಕಡೆಯ ವ್ಯಾಜ್ಯದ ರುಚಿ ಹತ್ತಿದ ಮೇಲೆ, ಹೊಡೆದುಹಾಕಲಿ ಎಂದೇ ಕೆಲವು ಘೋರವಾದ ವಾಕ್ಯಗಳನ್ನು ಬೇಕೆಂದು ಸೇರಿಸತೊಡಗಿದನು. ಅವು ಅಚ್ಚಿಗಾಗಿ ಬರೆದುವಲ್ಲ. ಜಗಲಿಯ ಮೇಲಿನ ಒಂದು ಸಂಜೆಗಾಗಿ ಬರೆದುವು. ದೊಡ್ಡ ಲೇಖಕನೊಬ್ಬನು ತನ್ನ ಕೆಲವು ವಾಕ್ಯಗಳನ್ನು ನಾಲ್ವರು ಓದುಗರಿಗೆಂದೇ ಮೀಸಲಿಟ್ಟುದಕ್ಕೆ ಬೇರೆ ಉದಾಹರಣೆ ಸುಲಭವಾಗಿ ಸಿಕ್ಕದು.

ಅದೇ ತೋಟದಲ್ಲಿ 1883ರ ಬೇಸಗೆಯಲ್ಲಿ ಮಕ್ಕಳಿಗೆ ಇಂಗ್ಲೆಂಡಿನ ರಾಜರ ತೇದಿಗಳು ತಲೆಗೆ ಹತ್ತಲಿಲ್ಲ. ನಮ್ಮ ಮನೆಗಳಲ್ಲಾದರೆ ಕಿವಿ ಹಿಂಡುವ ಸಂದರ್ಭ. ಅವನು ಮನೆಯ ಮುಂದಿನ ಸುತ್ತುದಾರಿಯಲ್ಲಿ ವರ್ಷಕ್ಕೆ ಒಂದಡಿಯಂತೆ ಅಳೆದು, 1066ರ ವಿಲಿಯಮನಿಂದ ಅಂದಿನ ವಿಕ್ಟೋರಿಯಾ ರಾಣಿಯವರೆಗೆ 817 ಅಡಿ ಉದ್ದಕ್ಕೂ, ಒಬ್ಬೊಬ್ಬ ರಾಜನ ಆಳ್ವಿಕೆ ಎಲ್ಲಿ ಮೊದಲಾಯಿತೋ ಅಲ್ಲಿ ಒಂದೊಂದು ಗೂಟ ನೆಟ್ಟನು. ಯಾವ ರಾಜನ ಕಾಲ ಉದ್ದ, ಯಾವನದು ಗಿಡ್ಡ ಎಂಬುದು ಕಾಲಿಗೇ ತಿಳಿಯುತ್ತಿದ್ದಿತು. ಹೆಸರು, ತೇದಿ ಕೂಗುತ್ತ ಮಕ್ಕಳು ಓಡಿದರು. ಇತಿಹಾಸ ಎರಡೇ ದಿನಕ್ಕೆ ಬಾಯಿಗೆ ಬಂದಿತು. ಶಿಕ್ಷಣಶಾಸ್ತ್ರದ ಗ್ರಂಥಗಳು ಹಲವು ಬಂದಿವೆ; ಆ ಗೂಟಗಳಿಗೆ ಸಮನಾದುವು ಎಷ್ಟೋ!

ಹಾರ್ಟ್‌ಫರ್ಡಿನ ಮನೆಯಲ್ಲಿ ಸಂಜೆಯ ಕಥೆಗಳಿಗೆ ಬೇರೆಯೇ ಒಂದು ಶಾಸನವಿದ್ದಿತು. ಪುಸ್ತಕದ ಕೋಣೆಯ ಅಗ್ಗಿಷ್ಟಿಕೆಯ ಮೇಲೆ ಚಿತ್ರಗಳು, ಬೊಂಬೆಗಳು, ಹೂದಾನಿಗಳು ಸಾಲಾಗಿದ್ದುವು. ಒಂದು ತುದಿಯಲ್ಲಿ ಬೆಕ್ಕಿನ ಚಿತ್ರ. ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗಿಯ ಚಿತ್ರ. ಕಥೆ ಬೆಕ್ಕಿನಿಂದ ಮೊದಲಾಗಬೇಕು, ಸಾಲಿನಲ್ಲಿರುವ ಒಂದೊಂದು ವಸ್ತುವೂ ತನ್ನ ಸರದಿಯಲ್ಲಿಯೇ ಕಥೆಯೊಳಕ್ಕೆ ಬರಬೇಕು, ಆ ಹುಡುಗಿಯಲ್ಲಿ ಮುಗಿಯಬೇಕು. ಹಿಂದೆ ಹೇಳಿದ ಕಥೆ ಮತ್ತೆ ಬರಕೂಡದು. ಪಾಪ, ಆ ಬೊಂಬೆಗಳಿಗೆ ವಿರಾಮವೆಂಬುದೇ ಇರಲಿಲ್ಲ. ಪ್ರಕಾಶಕರಿಗೆ ಅಂಜದವನು ಈ ಮೂವರು ಯಜಮಾನಿಯರಿಗೆ ಅಂಜಿ ವರ್ಷಗಟ್ಟಲೆ ದುಡಿದನು.

ಇಷ್ಟಾಗಿ ಅವನು ಸಾಧುಪುರುಷನೇನೂ ಅಲ್ಲ. ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನೆಲ್ಲ ಬರೆದಿಟ್ಟ ಸಾಕ್ಷಿ ಮನೆಯಲ್ಲೇ ಇದ್ದಿತು. 1885ರಲ್ಲಿ, ಹದಿಮೂರರ ಸೂಸಿ ಯಾರಿಗೂ ಹೇಳದೆ ಅಪ್ಪನ ಜೀವನಚರಿತ್ರೆ ಬರೆಯತೊಡಗಿದಳು. ರಾತ್ರಿ ಅದನ್ನು ದಿಂಬಿನ ಕೆಳಗೆ ಅಡಗಿಸಿಡುವಳು. ತಾಯಿಗೆ ಸಿಕ್ಕಿತು, ತಾಯಿಯಿಂದ ಅಪ್ಪನಿಗೆ ಗುಟ್ಟಾಗಿ ತಲಪಿತು. ಅಪ್ಪನ ಗುಂಗುರು ಕೂದಲು, ಮೂಗು ಎಲ್ಲ ಚೆನ್ನ, ಹಲ್ಲು ಮಾತ್ರ ಅಷ್ಟಕ್ಕಷ್ಟೇ ಎಂದು ಆಕೆ ನಿರ್ಣಯಿಸಿದ್ದಳು. ಒಳ್ಳೆಯವನು, ತಮಾಷೆಯವನು, ಆದರೆ ಸಿಟ್ಟಿನವನು, ಮರೆವಿನವನು, ಬಾಯಿ ಬಿಗಿಯಿಲ್ಲದವನು ಎಂದು ಯಾವುದನ್ನೂ ಮುಚ್ಚದೆ ದಾಖಲಿಸಿದ್ದಳು. ಎಲ್ಲಕ್ಕಿಂತ ಆಕೆಯನ್ನು ಕಾಡಿದುದು ಇದು: ಜನರಿಗೆ ಅಪ್ಪ ಬರಿಯ ನಗಿಸುವವನಾಗಿ ಗೊತ್ತೇ ಹೊರತು, ಅವನೊಳಗಿನ ಗಂಭೀರ ಮನುಷ್ಯನು ಗೊತ್ತಿಲ್ಲ. ಹದಿಮೂರು ವರ್ಷದ ಹುಡುಗಿ ಕಂಡುಕೊಂಡ ಈ ಸಂಗತಿಯನ್ನು ಕಂಡುಕೊಳ್ಳಲು ದೊಡ್ಡ ವಿಮರ್ಶಕರಿಗೆ ಎಷ್ಟೋ ಕಾಲ ಹಿಡಿಯಿತು. ಅವನಿಗೆ ದೊರೆತ ಪ್ರಶಂಸೆಗಳಲ್ಲೆಲ್ಲ ಇದೇ ದೊಡ್ಡದೆಂದು ಅವನು ಬಗೆದನು. ತನ್ನ ಆತ್ಮಕಥೆಯೊಳಗೆ ಮಗಳ ಬರಹವನ್ನು ಸೇರಿಸುವಾಗ, ಅವಳ ಕಾಗುಣಿತದ ತಪ್ಪುಗಳಲ್ಲಿ ಒಂದನ್ನೂ ತಿದ್ದಗೊಡಲಿಲ್ಲ. ಆ ಚರಿತ್ರೆ 1886ರ ಜುಲೈಯಲ್ಲಿ, ಅಜ್ಜಿಯನ್ನು ನೋಡಹೋದ ಕಡೆ, ಒಂದು ವಾಕ್ಯದ ನಡುವೆ ನಿಂತುಹೋಗಿದೆ. ಹುಡುಗಿಗೆ ಬೇರೆ ಏನೋ ಆಟ ನೆನಪಾಗಿರಬೇಕು.

ಹಣ ಅವನ ಕೈಯಲ್ಲಿ ನಿಲ್ಲುವ ಪದಾರ್ಥವಾಗಿರಲಿಲ್ಲ. ಅಚ್ಚಿನ ಮೊಳೆಗಳನ್ನು ತಾನೇ ಜೋಡಿಸುವ ಯಂತ್ರವೊಂದನ್ನು ನಂಬಿ ವರ್ಷಗಟ್ಟಲೆ ಹಣ ಸುರಿದನು. ಆ ಯಂತ್ರ ಹಣವನ್ನು ನುಂಗಿತೇ ಹೊರತು ಮೊಳೆಗಳನ್ನು ನೆಟ್ಟಗೆ ಜೋಡಿಸಲಿಲ್ಲ. ತಾನೇ ನಡೆಸಿದ ಪ್ರಕಾಶನ ಸಂಸ್ಥೆ 1894ರ ಏಪ್ರಿಲಿನಲ್ಲಿ ದಿವಾಳಿಯೆದ್ದಿತು. ಕಾನೂನಿನ ಪ್ರಕಾರ ಅಷ್ಟೋ ಇಷ್ಟೋ ಕೊಟ್ಟು ಕೈತೊಳೆದುಕೊಳ್ಳಬಹುದಾಗಿದ್ದಿತು. ಲಿವಿ ಒಪ್ಪಲಿಲ್ಲ, ಒಂದು ಕಾಸೂ ಬಿಡದೆ ತೀರಿಸಬೇಕೆಂದಳು. ಆ ಹಣಕ್ಕಾಗಿ, ಐವತ್ತೊಂಬತ್ತರ ವಯಸ್ಸಿನಲ್ಲಿ, ಅವನು ಉಪನ್ಯಾಸ ಕೊಡುತ್ತ ಭೂಮಂಡಲ ಸುತ್ತಲು ಹೊರಟನು. 1895ರ ಜುಲೈ 14ರ ರಾತ್ರಿ ಎಲ್ಮೈರಾ ನಿಲ್ದಾಣದಿಂದ ರೈಲು ಹೊರಟಾಗ ಲಿವಿ, ಕ್ಲಾರಾ ಜೊತೆಯಲ್ಲಿದ್ದರು. ಜೀನಳೊಡನೆ ಅಲ್ಲಿಯೇ ಉಳಿದ ಸೂಸಿ ವಿದ್ಯುದ್ದೀಪದ ಬೆಳಕಿನಲ್ಲಿ ನಿಂತು ಕೈ ಬೀಸುತ್ತಿದ್ದಳು.

ಆ ಸುತ್ತಾಟದಲ್ಲಿ 1896ರ ಜನವರಿಯಲ್ಲಿ ಅವನು ಮುಂಬಯಿಯಲ್ಲಿ ಇಳಿದನು. ಕಾಶಿ, ಕಲ್ಕತ್ತ, ಡಾರ್ಜಿಲಿಂಗ್, ಲಾಹೋರುಗಳವರೆಗೆ ತಿರುಗಿ, ಮೂರು ಮನೆತುಂಬ ನಗೆಯ ಸಾಮಗ್ರಿ ಕೂಡಿಸಿಕೊಂಡನು. ಮುಂಬಯಿಯ ಹೋಟೆಲಿನಲ್ಲಿ ಗೊತ್ತುಮಾಡಿಕೊಂಡ ಚುರುಕು ಸೇವಕನನ್ನು ‘ಸೈತಾನ’ ಎಂದು ಕರೆದನು. ಮೊಗಸಾಲೆಯ ಕಟಕಟೆಯ ಮೇಲೆ ಕುಳಿತು ತನ್ನ ಉಡುಪು, ಮೈಬಣ್ಣ, ನಡತೆಗಳನ್ನು ಕುರಿತು ಚರ್ಚೆ ನಡೆಸಿದ ಕಾಗೆಗಳನ್ನಂತೂ ಅವನು ಮರೆಯಲೇ ಇಲ್ಲ. ನಮ್ಮ ಕಾಗೆಗೆ ಅದಕ್ಕಿಂತ ಸೊಗಸಾದ ಸ್ತುತಿ ಯಾವ ಭಾಷೆಯಲ್ಲಿಯೂ ಇದ್ದಂತಿಲ್ಲ.

ಜುಲೈ ಕೊನೆಗೆ ಇಂಗ್ಲೆಂಡು ತಲಪಿ, ಮಕ್ಕಳಿಬ್ಬರನ್ನೂ ಅಲ್ಲಿಗೆ ಕರೆಸಿಕೊಳ್ಳುವ ಸಂಭ್ರಮದಲ್ಲಿದ್ದಾಗ, ಸೂಸಿಗೆ ಮೈ ನೆಟ್ಟಗಿಲ್ಲವೆಂದು ಸುದ್ದಿ ಬಂದಿತು. ಲಿವಿ, ಕ್ಲಾರಾ ಕೂಡಲೆ ಹಡಗು ಹತ್ತಿದರು. ಅವರಿನ್ನೂ ನಡುಗಡಲಿನಲ್ಲಿದ್ದರು. ಆಗಸ್ಟ್ 18ರಂದು ಗಿಲ್ಡ್‌ಫರ್ಡಿನ ಬಾಡಿಗೆ ಮನೆಯ ಊಟದ ಕೋಣೆಯಲ್ಲಿ ನಿಂತಿದ್ದವನ ಕೈಗೆ ತಂತಿ ಬಂದಿತು. ಮಿದುಳಿನ ಪೊರೆಯ ರೋಗದಿಂದ ಸೂಸಿ ತೀರಿಕೊಂಡಿದ್ದಳು, ಇಪ್ಪತ್ತನಾಲ್ಕು ವರ್ಷ. ತಾನು ಬೆಳೆದ ಹಾರ್ಟ್‌ಫರ್ಡಿನ ಅದೇ ಮನೆಯಲ್ಲಿ, ಕಣ್ಣು ಕಾಣದೆ, ಹಳೆಯ ಸೇವಕಿ ಕೇಟಿ ಲಿಯರಿಯ ಮುಖವನ್ನು ತಡವಿ, ‘ಅಮ್ಮ’ ಎಂದಳಂತೆ. ಆಮೇಲೆ ಮಾತಾಡಲಿಲ್ಲ. ಆ ಮನೆಯಲ್ಲಿ ಈ ಸಂಸಾರ ಮತ್ತೆ ವಾಸಮಾಡಲಿಲ್ಲ, 1903ರಲ್ಲಿ ಮಾರಿಬಿಟ್ಟರು.

ಇಂಥ ನಷ್ಟವನ್ನು ಅವನು ಮನೆ ಸುಟ್ಟುಹೋದವನ ಸ್ಥಿತಿಗೆ ಹೋಲಿಸಿದ್ದಾನೆ. ಸುಟ್ಟ ದಿನ ಮನೆ ಹೋಯಿತೆಂದಷ್ಟೇ ಗೊತ್ತು. ಆಮೇಲೆ ದಿನ ಕಳೆದಂತೆಲ್ಲ ಒಂದೊಂದು ವಸ್ತು ಬೇಕಾಗುತ್ತದೆ. ಕೈ ಚಾಚಿದರೆ ಅದು ಆ ಮನೆಯಲ್ಲಿದ್ದುದು. ಎಷ್ಟು ಹೋಯಿತೆಂಬ ಲೆಕ್ಕ ಮುಗಿಯಲು ವರ್ಷಗಳೇ ಬೇಕು. ಆ ಚಳಿಗಾಲ ಲಂಡನ್ನಿನಲ್ಲಿ ನಾಲ್ವರೂ ಊರಿಗೆ ಮುಖ ತೋರಿಸದೆ, ಹಬ್ಬಹರಿದಿನಗಳಿಲ್ಲದೆ ಕಳೆದರು. ಸಾಲ ಮಾತ್ರ ಬಾಗಿಲಲ್ಲಿಯೇ ನಿಂತಿದ್ದಿತು. ಪ್ರವಾಸದ ಪುಸ್ತಕವನ್ನು ಅವನು ಬರೆದುದು ಆ ಮನೆಯಲ್ಲಿ. ಮೇಲೆ ಹೇಳಿದ ಕಾಗೆಗಳನ್ನು ಆ ಪುಸ್ತಕದಲ್ಲಿ ಓದಿ ನಗುವವರಿಗೆ, ಅದನ್ನು ಬರೆದವನು ಎಂಥ ಮೌನದ ನಡುವೆ ಕುಳಿತಿದ್ದನೆಂಬ ಸುಳಿವೂ ಹತ್ತುವುದಿಲ್ಲ. ಪುಸ್ತಕ 1897ರಲ್ಲಿ ಹೊರಬಂದಿತು. ಮರುವರ್ಷದೊಳಗೆ ಸಾಲ ಪೂರ್ತಿ ತೀರಿತು. ಹಾಸ್ಯವೆಂದರೆ ಮನಸ್ಸು ಹಗುರವಾಗಿದ್ದಾಗ ತಾನಾಗಿ ಉಕ್ಕುವುದೆಂದು ನಂಬಿದವರು ಈ ಪುಸ್ತಕಕ್ಕೆ ಏನು ಸಮಾಧಾನ ಹೇಳುವರೋ ತಿಳಿಯದು.

1902ರಲ್ಲಿ ಲಿವಿ ಹಾಸಿಗೆ ಹಿಡಿದಳು. ಗಂಡನ ಮಾತು ಅವಳನ್ನು ಉದ್ರೇಕಿಸುತ್ತದೆಂದು ವೈದ್ಯರು ತಿಂಗಳುಗಟ್ಟಲೆ ಅವನಿಗೆ ಆ ಕೋಣೆಯ ಪ್ರವೇಶವನ್ನೇ ತಪ್ಪಿಸಿದರು. ಮುಂದೆ ದಿನಕ್ಕೆ ಕೆಲವೇ ನಿಮಿಷಗಳಷ್ಟು ಕರುಣಿಸಿದರು. ಮೂವತ್ತು ವರ್ಷ ಒಬ್ಬಳನ್ನು ನಗಿಸಿ ಬಾಳಿದವನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಯಾವುದು? ಬಾಗಿಲ ಸಂದಿಯಿಂದ ಚೀಟಿಗಳನ್ನು ತೂರಿಸಿದನು. ಅವಳ ಕಿಟಕಿಯ ಬಳಿಯ ಮರಗಳಿಗೆ, ಹಕ್ಕಿಗಳು ಗಟ್ಟಿಯಾಗಿ ಹಾಡಕೂಡದೆಂದು ಹಕ್ಕಿಗಳನ್ನೇ ಸಂಬೋಧಿಸಿ ಬರೆದ ಸೂಚನೆಗಳನ್ನು ಅಂಟಿಸಿದ್ದನೆಂದು ಹೇಳುತ್ತಾರೆ. ಹಕ್ಕಿಗಳು ಓದಿದುವೋ ಇಲ್ಲವೋ, ಆ ಸುದ್ದಿ ಹಾಸಿಗೆಯವರೆಗೆ ಹೋಗಿ ಮುಟ್ಟಿದರೆ ಸಾಕೆಂದು ಅವನ ಎಣಿಕೆ.

ಆ ಡಿಸೆಂಬರಿನಲ್ಲಿ ಒಂದು ವಿಚಿತ್ರ ನಡೆಯಿತು. ರೋಗಿಯ ಜೀವ ಉಳಿಸಲು ಸುಳ್ಳು ಹೇಳಬೇಕಾಗಿ ಬಂದ ಇಬ್ಬರು ಸತ್ಯವ್ರತೆಯರ ಕಥೆಯೊಂದನ್ನು ಅವನು ಬರೆದಿದ್ದನು. ಅದು ಅದೇ ತಿಂಗಳ ಪತ್ರಿಕೆಯಲ್ಲಿ ಅಚ್ಚಾಗಿದ್ದಿತು. ಅಷ್ಟರಲ್ಲಿ ಅವನ ಮನೆಯಲ್ಲಿಯೇ ಜೀನ್ ಶ್ವಾಸಕೋಶದ ಜ್ವರದಿಂದ ಸಾವಿನಂಚಿಗೆ ಹೋದಳು. ತಾಯಿಗೆ ತಿಳಿದರೆ ತಾಯಿ ಉಳಿಯಳು. ಎಂದೂ ಸುಳ್ಳಾಡದ ಕ್ಲಾರಾ ದಿನವೂ ತಾಯಿಯ ಬಳಿ ಕುಳಿತು, ಜೀನ್ ಇಂದು ಎಲ್ಲಿಗೆ ಹೋಗಿದ್ದಳು, ಯಾವ ಉಡುಪು ತೊಟ್ಟಿದ್ದಳು ಎಂದು ಕಥೆ ಕಟ್ಟಿ ಹೇಳಬೇಕಾಯಿತು. ನಿನ್ನೆಯ ಸುಳ್ಳಿಗೆ ಇಂದಿನ ಸುಳ್ಳು ತಾಳೆಯಾಗಬೇಕು. ಅಗ್ಗಿಷ್ಟಿಕೆಯ ಬೊಂಬೆಗಳನ್ನು ಸಾಲು ತಪ್ಪದಂತೆ ಪೋಣಿಸಿದ ಅಪ್ಪನ ವಿದ್ಯೆ ಮಗಳಿಗೆ ಹೀಗೆ ಉಪಯೋಗಕ್ಕೆ ಬಂದಿತು. ಜೀನ್ ಉಳಿದಳು.

ಲಿವಿಯ ಆರೋಗ್ಯಕ್ಕೆಂದು ಇಟಲಿಯ ಫ್ಲಾರೆನ್ಸಿಗೆ ಹೋದರು. 1904ರ ಜೂನ್ 5ರ ಸಂಜೆ ಅವಳು ತುಸು ಗೆಲುವಾಗಿ ಕಂಡಳು. ಅವನು ಉಲ್ಲಾಸದಿಂದ ಮೇಲಿನ ತನ್ನ ಕೋಣೆಗೆ ಹ��ಗಿ, ಪಿಯಾನೋ ನುಡಿಸುತ್ತ ನೀಗ್ರೋ ಜನರ ಹಳೆಯ ಭಕ್ತಿಗೀತೆಗಳನ್ನು ಹಾಡಿದನು. ಸೂಸಿ ಸತ್ತ ಮೇಲೆ ಅವನು ಆ ಹಾಡುಗಳನ್ನು ಮುಟ್ಟಿರಲಿಲ್ಲ. ತನಗೆ ಮಲಗುವ ಹೊತ್ತಿನ ಹಾಡು ಹೇಳುತ್ತಿದ್ದಾರೆಂದು ಲಿವಿ ದಾದಿಗೆ ಹೇಳಿದಳಂತೆ. ಅವನು ಹಾಡಿ ಮುಗಿಸಿ ಕೆಳಗೆ ಬರುವ ಹೊತ್ತಿಗೆ ಆಕೆ ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ಅವನ ಬಾಳು ಎಲ್ಲವೂ ಚೆಲುವಾಗಿದ್ದಿತೆನ್ನಲಾಗದು. ಮೂರ್ಛೆರೋಗಕ್ಕೆ ಸಿಕ್ಕಿದ್ದ ಜೀನಳು 1906ರಿಂದ ಮನೆಯಿಂದ ದೂರ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು. ಮನೆಯ ಆಡಳಿತವನ್ನು ಸಂಬಳದವರ ಕೈಗೆ ಬಿಟ್ಟು, ಅವಳು ಮನೆಗಾಗಿ ಹಂಬಲಿಸುತ್ತಿದ್ದಾಗಲೂ ಅವನು ಬೇಗ ಎಚ್ಚರಗೊಳ್ಳಲಿಲ್ಲ. ಲಿವಿ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. 1909ರ ಏಪ್ರಿಲಿನಲ್ಲಿ ಜೀನ್ ಕಡೆಗೂ ಅವನ ಹೊಸ ಮನೆ ಸ್ಟಾರ್ಮ್‌ಫೀಲ್ಡಿಗೆ ಬಂದು, ಕಾಗದಪತ್ರ, ತೋಟ, ಮನೆ ಎಲ್ಲವನ್ನೂ ವಹಿಸಿಕೊಂಡಳು. ಅಕ್ಟೋಬರಿನಲ್ಲಿ ಕ್ಲಾರಾಳ ಮದುವೆಯಾಗಿ ಗಂಡನೊಡನೆ ಯೂರೋಪಿಗೆ ಹೋದ ಮೇಲೆ ಅಪ್ಪ, ಮಗಳು ಇಬ್ಬರೇ ಉಳಿದರು.

ಡಿಸೆಂಬರ್ 23ರಂದು, ಅವನು ಸಾಯುತ್ತಿದ್ದಾನೆಂಬ ಪತ್ರಿಕೆಗಳ ವದಂತಿಗೆ ಅವನೊಂದು ಉತ್ತರ ಬರೆದುಕೊಟ್ಟನು: ಆ ಆರೋಪ ಸುಳ್ಳು, ಈ ವಯಸ್ಸಿನಲ್ಲಿ ತಾನು ಅಂಥ ಕೆಲಸ ಮಾಡುವವನಲ್ಲ ಎಂದು ಅದರ ತಾತ್ಪರ್ಯ. ಜೀನ್ ಅದನ್ನು ಫೋನಿನಲ್ಲಿ ಸುದ್ದಿಸಂಸ್ಥೆಗೆ ಓದಿ ಹೇಳಿದಳು. ರಾತ್ರಿ ಊಟವಾದ ಮೇಲೆ ಇಬ್ಬರೂ ಕೈ ಕೈ ಹಿಡಿದು ಪುಸ್ತಕದ ಕೋಣೆಗೆ ಬಂದು ಬಹಳ ಹೊತ್ತು ಮಾತಾಡಿದರು. ಕೋಣೆಯ ಬಾಗಿಲಲ್ಲಿ ಜೀನ್, ತನಗೆ ನೆಗಡಿಯಾಗಿದೆ, ಮುತ್ತು ಕೊಡುವಂತಿಲ್ಲ ಎಂದಳು. ಅವನು ಬಾಗಿ ಅವಳ ಕೈಗೆ ಮುತ್ತಿಟ್ಟನು. ಅವಳೂ ಅವನ ಕೈಗೆ ಮುತ್ತಿಟ್ಟಳು. ಬೆಳಗ್ಗೆ ಕೇಟಿ ಲಿಯರಿ ಅವನ ಹಾಸಿಗೆಯ ಬಳಿಗೆ ಬಂದು ನಿಂತಳು. ಸ್ನಾನದ ತೊಟ್ಟಿಯಲ್ಲಿ ಮೂರ್ಛೆ ಬಂದು ಜೀನ್ ತೀರಿಕೊಂಡಿದ್ದಳು. ಕೆಳಗೆ ಅವಳು ಸಿಂಗರಿಸಿದ್ದ ಕ್ರಿಸ್‌ಮಸ್ ಮರ ನಿಂತಿದ್ದಿತು. ಉಡುಗೊರೆಗಳ ರಾಶಿಯಲ್ಲಿ ಅವನಿಗಾಗಿ ತಂದಿಟ್ಟ ದೊಡ್ಡ ಭೂಗೋಳವಿದ್ದಿತು. ಅಂಥದೊಂದು ಬೇಕೆಂದು ಅವನಿಗೆ ಬಹುದಿನಗಳ ಆಸೆ. ಕಣ್ಣೀರಿನ ಮರೆಯಲ್ಲಿ ಅದು ಅವನಿಗೆ ಕಾಣಲಿಲ್ಲ.

ಮರುದಿನ ಸಂಜೆ ಹಿಮ ಬೀಳುತ್ತಿರಲು ಅವಳನ್ನು ಎಲ್ಮೈರಾಕ್ಕೆ ಕೊಂಡೊಯ್ದರು. ಜೊತೆಯಲ್ಲಿ ಹೋಗುವ ಶಕ್ತಿ ಅವನಿಗಿರಲಿಲ್ಲ; ಕಿಟಕಿಯಲ್ಲಿ ನಿಂತು, ಗಾಡಿ ಕಣ್ಮರೆಯಾಗುವವರೆಗೂ ನೋಡಿದನು. ಆ ಮೂರು ದಿನ ಅವನು ಮಾಡಿದ ಕೆಲಸ ಒಂದೇ. ಜೀನಳ ವಿಷಯ ಬರೆಯುವುದು. ಬರೆದು ಮುಗಿಸಿ, ಇದು ತನ್ನ ಆತ್ಮಕಥೆಯ ಕೊನೆಯ ಅಧ್ಯಾಯವೆಂದು ಹೇಳಿ ಕಾಗದಗಳನ್ನು ಕೊಟ್ಟುಬಿಟ್ಟನು. 1910ರ ಏಪ್ರಿಲ್ 21ರಂದು ಅವನು ತೀರಿಕೊಂಡಾಗ ಯೂರೋಪಿನಿಂದ ಓಡಿಬಂದ ಕ್ಲಾರಾ ಹತ್ತಿರದಲ್ಲಿದ್ದಳು. ಎಲ್ಮೈರಾದಲ್ಲಿ ಲಿವಿಯ ಪಕ್ಕಕ್ಕೆ, ಮೂವರು ಮಕ್ಕಳ ನಡುವೆ ಅವನನ್ನು ಇಟ್ಟರು. ಆ ಆಗಸ್ಟಿನಲ್ಲಿ, ಸ್ಟಾರ್ಮ್‌ಫೀಲ್ಡಿನ ಅದೇ ಮನೆಯಲ್ಲಿ, ಕ್ಲಾರಾಳಿಗೆ ಹೆಣ್ಣುಮಗು ಹುಟ್ಟಿತು.